ಹನ್ನೊಂದನೇ ವಾರದ ವರದಿ

ಮೊದಲು ಲೆಕ್ಕ:
ಹನ್ನೊಂದು ಪಂದ್ಯ, ಇಪ್ಪತ್ತಾರು ಗೋಲು ನಮ್ಮ ಬಲೆಯೊಳಗೆ.
ಕಾರ್ನರಿನಿಂದ ಏಳು, ಎಡಗಡೆಯಿಂದ ಒಂಬತ್ತು,
ಒಂದು ನಮ್ಮವನೇ, ಬೊಂಡೊ, ತಲೆಕೊಟ್ಟು ಒಳಗೆ ಕಳಿಸಿದ್ದು.
ಉಳಿದ ಒಂಬತ್ತಕ್ಕೆ ನನ್ನ ಬಳಿ ಹೆಸರಿಲ್ಲ.

ಪೋತಿಯ ಬಂದರಿನ ಹಿಂದೆ, ಜೌಗು ಮುಚ್ಚಿ ಕಟ್ಟಿದ ಕ್ರೀಡಾಂಗಣ.
ಪೂರ್ವದ ಗ್ಯಾಲರಿಯ ಕೆಳಗೆ ನನ್ನ ಕೋಣೆ:
ಒಂದು ಮೇಜು, ಎರಡು ಪರದೆ, ಗೋಡೆಯ ಮೇಲೆ ತೇವ ಬರೆದ ಭೂಪಟ.
ಸೋಮವಾರ ರಾತ್ರಿ ಕೋಚ್ ಮುರ್ಮಾನ್ ಬಾಗಿಲಲ್ಲೇ ನಿಂತು ಕೇಳುತ್ತಾರೆ,
"ತೂತು ಎಲ್ಲಿ, ಮಕ್ವಾಲಾ?"
ತೂತಿದ್ದರೆ ತೋರಿಸಬಹುದಿತ್ತು.

ಬಾಣ ಬಿಡಿಸುತ್ತೇನೆ, ಹಳದಿ ವೃತ್ತ ಬಿಡಿಸುತ್ತೇನೆ,
ನಾಲ್ವರ ನಡುವೆ ಗೆರೆ ಎಳೆದು ಮೀಟರು ಬರೆಯುತ್ತೇನೆ.
ಗೆರೆ ಸರಿಯಾಗಿಯೇ ಇದೆ. ಅಂತರವೂ ಸರಿಯೇ.
ಬಟ್ಟೆ ಒಣಹಾಕುವ ಹಗ್ಗದಷ್ಟು ನೆಟ್ಟಗೆ ನಿಂತಿರುತ್ತಾರೆ,
ಚೆಂಡು ಬಂತೋ,
ಗಾಳಿ ಹೊಕ್ಕ ಅಂಗಿಗಳು, ಒಂದೊಂದೂ ಒಂದೊಂದು ದಿಕ್ಕಿಗೆ.

ಪೇಪರಿನವರು ಬರೆದರು: ಬೊಂಡೊಗೆ ವಯಸ್ಸಾಯಿತು.
ಕ್ರೇನು ನಡೆಸುವವರು ಅಂದರು: ಆ ಹುಡುಗ ಉಚಾ ಇನ್ನೂ ಎಳಸು,
ಮೀಸೆ ಮೂಡುವ ಮುಂಚೆ ಮದುವೆ ಮಾಡಿದ ಹಾಗೆ ಇಳಿಸಿದಿರಿ.
ಅಧ್ಯಕ್ಷರು ಹೊಸ ಬ್ಯಾಕ್ ಒಬ್ಬನನ್ನು ತರುತ್ತಾರಂತೆ,
ಸರ್ಬಿಯಾದಿಂದ, ಕಂತಿನ ಮೇಲೆ.
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು;
ಆ ಬಾಗಿಲೂ ಸಾಲದ್ದು.

ನಿನ್ನೆ ತಡರಾತ್ರಿ, ಕೈತಪ್ಪಿ, ಸದ್ದಿನ ಗುಂಡಿ ಒತ್ತಿದೆ.
ನಾನು ಎಂದೂ ಸದ್ದು ಅಡಗಿಸಿಯೇ ನೋಡುವವಳು;
ಬೈಗುಳ ಕೇಳುತ್ತ ಮೀಟರು ಅಳೆಯಲಾಗದು.
ಮೊದಲು ಕಪ್ಪೆಗಳು,
ಕಾರ್ನರ್ ಧ್ವಜದಾಚೆಯ ಹಳ್ಳದ ಕಪ್ಪೆಗಳು,
ಆಮೇಲೆ ಮೈಕಿನ ಪಕ್ಕ ಯಾರೋ ಸೂರ್ಯಕಾಂತಿ ಸಿಪ್ಪೆ ಉಗಿದದ್ದು,
ದೂರದಲ್ಲಿ ಹಡಗೊಂದರ ಕೊಂಬು.
ಅಷ್ಟೇ.

ಕಳೆದ ವರ್ಷದ ಪಂದ್ಯ ಹಾಕಿದೆ. ಅದೇ ಮೈದಾನ, ಅವೇ ಕಪ್ಪೆ,
ಅವೆಲ್ಲದರ ಮೇಲೆ ಹರಿದ ತಮಟೆಯಂಥ ಒಂದು ಗಂಟಲು:
"ಎಡಕ್ಕೆ! ಬೊಂಡೊ, ಬೆನ್ನಿಗಿದ್ದಾನೆ! ಮುಂದೆ, ಮುಂದೆ, ನಿಲ್ಲು,
ನಿಮ್ಮಜ್ಜಿಯಾದರೂ ಇಷ್ಟು ಹೊತ್ತಿಗೆ ತಿರುಗುತ್ತಿದ್ದಳು!"
ತೊಂಬತ್ತು ನಿಮಿಷ. ಹದಿನಾಲ್ಕು ವರ್ಷ.
ನಮ್ಮ ಗೋಲ್‌ಕೀಪರ್ ಒತಿಯಾ.

ಬೇಸಿಗೆಯಲ್ಲಿ ಕುತೈಸಿಯ ಆಸ್ಪತ್ರೆಯಲ್ಲಿ ಅವನ ಕೊರಳು ಕೊಯ್ದು
ಕಡಲೆಕಾಳಿನಷ್ಟು ಗಂಟೊಂದನ್ನು ತೆಗೆದರು.
ಕೈಗೆ ಏನೂ ಆಗಿರಲಿಲ್ಲ, ಕಾಲಿಗೆ ಏನೂ ಆಗಿರಲಿಲ್ಲ,
ಆಡಬಹುದು ಎಂದು ವೈದ್ಯರು ಸಹಿ ಹಾಕಿದರು.
ಈಗ ಮಾತು ಬರುತ್ತದೆ,
ಕ್ಯಾಂಟೀನಿನಲ್ಲಿ ಉಪ್ಪು ಕೇಳುವಷ್ಟು.

ಹೆಸರಿಲ್ಲದ ಆ ಒಂಬತ್ತನ್ನು ಮತ್ತೆ ನೋಡಿದೆ.
ಈ ಸಲ ಕಾಲು ಬಿಟ್ಟು ಕುತ್ತಿಗೆ ನೋಡಿದೆ.
ಒಂಬತ್ತರಲ್ಲೂ ಉಚಾ ಒಮ್ಮೆ ಹಿಂದಿರುಗುತ್ತಾನೆ,
ಕತ್ತಲ ಮನೆ ಹೊಕ್ಕು, ಯಾರಾದರೂ ಇದ್ದೀರಾ, ಎನ್ನುವವನ ಹಾಗೆ.
ಒತಿಯಾ ಕೈಗವಸು ತಟ್ಟುತ್ತಾನೆ, ಧಪ್ ಧಪ್, ಬೆರಳು ಚಾಚುತ್ತಾನೆ.
ಅರೆಕ್ಷಣ.
ಅಷ್ಟರಲ್ಲಿ ಬಿಳಿ ಅಂಗಿಯೊಂದು ದಾಟಿಹೋಗಿರುತ್ತದೆ.

ಇದನ್ನು ಹೇಗೆ ಬರೆಯಲಿ? ಕೋಚ್‌ಗೆ ಎಲ್ಲ ಮೀಟರಿನಲ್ಲಿ ಬೇಕು.
ಮೇ ತಿಂಗಳಿಗೆ ಅವನ ಕರಾರು ಮುಗಿಯುತ್ತದೆ.
ಅವನ ಕಿರಿಮಗಳು, ನನ್ನ ಮಗ, ಒಂದೇ ಬೆಂಚು.
ಬರೆದರೆ ಶನಿವಾರ ಅವನು ಹೊರಗೆ;
ಬರೆಯದಿದ್ದರೆ ಪಾಪವೆಲ್ಲ ಬೊಂಡೊನ ಮಂಡಿಗೆ.

ಬೆಳಿಗ್ಗೆ ಅಭ್ಯಾಸ ನೋಡಲು ಹೋದೆ, ವರದಿ ಚೀಲದಲ್ಲಿ.
ಮಂಜು. ಬೊಂಡೊ ಕೂಗಲು ಕಲಿಯುತ್ತಿದ್ದ,
ಯಾರೂ ಹೇಳಿಕೊಟ್ಟದ್ದಲ್ಲ, ಸಣ್ಣ ದನಿ,
ಸಂತೆಯಲ್ಲಿ ಮೊದಲ ದಿನ ಸೊಪ್ಪು ಮಾರುವವನ ಸಂಕೋಚ:
"ಎಡಕ್ಕೆ... ಉಚಾ, ಎಡಕ್ಕೆ ಅಂದೆ."
ಚೆಂಡು ಬಂದದ್ದು ಬಲಕ್ಕೆ. ನೇರ ಒಳಗೆ.

ಬಲೆಯಿಂದ ಅದನ್ನು ಬಿಡಿಸುತ್ತ ಒತಿಯಾ
ಸದ್ದಿಲ್ಲದೆ, ಭುಜವೆರಡೂ ಕುಣಿಯುವಂತೆ, ನಗುತ್ತಿದ್ದ.